ಉಕ್ಕಬೇಡಿ, ಸೊಕ್ಕಬೇಡಿ

ಮರಾಠಿ ಮಾತಾಡುವವರ ನಡುವೆ ಕೆಲವು ದಿನ ಇದ್ದು ಬಂದವರ ಕಿವಿಗೆ ಒಂದು ಮಾತು ಬೀಳದೆ ಇರದು. ‘ಉತೂ ನಕಾ, ಮಾತೂ ನಕಾ, ಘೇತಲಾ ವಸಾ ಟಾಕೂ ನಕಾ’ ಎಂಬುದು ಆ ಮಾತು. ಮಗನಿಗೆ ನೌಕರಿ ದೊರೆಯಿತೆಂದು ಪೇಢೆ ಹಂಚುವ ಮನೆಯಲ್ಲಿ ಹಿರಿಯರು ಅದನ್ನು ಅರ್ಧ ಹರಕೆಯಾಗಿ, ಅರ್ಧ ಎಚ್ಚರಿಕೆಯಾಗಿ ನುಡಿಯುತ್ತಾರೆ. ನಾಳೆಯಿಂದ ನಸುಕಿನಲ್ಲೆದ್ದು ತಿರುಗಾಡಲು ಹೋಗುವೆನೆಂದು ಶಪಥಮಾಡಿದ ಗಂಡ ಎಂಟನೆಯ ದಿನ ಹಾಸಿಗೆ ಬಿಡದಿದ್ದರೆ, ಹೆಂಡತಿ ಅದೇ ಮಾತನ್ನು ನಗುತ್ತ ನೆನಪಿಸುತ್ತಾಳೆ. ಸನ್ಮಾನ ಸಭೆಯಲ್ಲಿ ಹಾರ ಹಾಕಿಸಿಕೊಂಡವರು ‘ಉತಣಾರ ನಾಹೀ, ಮಾತಣಾರ ನಾಹೀ’ ಎಂದು ಅದನ್ನೇ ಪ್ರತಿಜ್ಞೆಯ ರೂಪದಲ್ಲಿ ಹೇಳುತ್ತಾರೆ. ಅಡುಗೆಮನೆಯಿಂದ ಸಭಾಮಂಟಪದ ತನಕ ಹೀಗೆ ಸಲೀಸಾಗಿ ಓಡಾಡುವ ನುಡಿಗಟ್ಟು ಯಾವ ಭಾಷೆಯಲ್ಲಿಯೂ ಬಹಳ ಇರಲಾರದು.

ಮೊದಲು ಶಬ್ದಗಳನ್ನು ನೋಡೋಣ. ‘ಉತೂ ಜಾಣೆ’ ಎಂದರೆ ಒಲೆಯ ಮೇಲಿನ ಹಾಲು ಉಕ್ಕಿ ಪಾತ್ರೆಯ ಅಂಚು ಮೀರಿ ಚೆಲ್ಲುವುದು. ‘ಮಾತಣೆ’ ಎಂದರೆ ಮದಿಸುವುದು. ನಮ್ಮ ‘ಮಾತು’ ಶಬ್ದಕ್ಕೂ ಅದಕ್ಕೂ ಸಂಬಂಧವಿಲ್ಲ, ವಿದ್ಯಾರ್ಥಿಗಳು ಮೋಸಹೋಗಬಾರದು. ‘ವಸಾ’ ಎಂದರೆ ಕೈಕೊಂಡ ವ್ರತ. ‘ಟಾಕಣೆ’ ಎಂದರೆ ಚೆಲ್ಲುವುದು, ಬಿಟ್ಟುಬಿಡುವುದು. ಇದನ್ನು ಕನ್ನಡಕ್ಕೆ ತರಬೇಕೆಂದರೆ ನಮಗೆ ಕಷ್ಟವೇ ಇಲ್ಲ. ಪ್ರಾಸವೂ ತಾನಾಗಿ ಒದಗುತ್ತದೆ: ಉಕ್ಕಬೇಡಿ, ಸೊಕ್ಕಬೇಡಿ, ಹಿಡಿದ ನೋಂಪಿಯ ಬಿಡಬೇಡಿ. ‘ನೋಂಪಿ’ ಹಳಗನ್ನಡದ ಹಿರಿಯ ಶಬ್ದ. ಜೈನರ ನೋಂಪಿಯ ಕಥೆಗಳಲ್ಲಿ ಅದು ಉಳಿದುಕೊಂಡಿದೆಯಾದರೂ ಬಳಕೆಯ ಮಾತಿನಿಂದ ಬಹುಮಟ್ಟಿಗೆ ಜಾರಿಹೋಗಿದೆ. ಮರಾಠಿಗರ ‘ವಸಾ’ಕ್ಕೆ ಆ ಗತಿ ಬರಲಿಲ್ಲ. ದೇವರ ಕೋಣೆಯಿಂದ ಹೊರಬಂದು ಅದು ಇಂದು ‘ಶಿಕ್ಷಣಾಚಾ ವಸಾ’, ‘ಸಮಾಜಸೇವೇಚಾ ವಸಾ’ ಎಂದು ಪತ್ರಿಕೆಗಳಲ್ಲಿಯೂ ವಾಸಿಸುತ್ತಿದೆ. ಅದನ್ನು ಹೀಗೆ ಕಾಪಾಡಿದ್ದು ಪಂಡಿತರ ಕೋಶಗಳಿಗಿಂತ ಹೆಚ್ಚಾಗಿ ಒಂದು ಕಥೆ, ಮತ್ತು ಆ ಕಥೆಯನ್ನು ವರ್ಷವರ್ಷವೂ ಹೇಳಿದ ಹೆಣ್ಣುಮಕ್ಕಳು.

ಮಹಾರಾಷ್ಟ್ರದ ಮನೆಗಳಲ್ಲಿ ಶ್ರಾವಣ ಮಾಸವೆಂದರೆ ಕಹಾಣಿಗಳ ಮಾಸ. ಸೋಮವಾರಕ್ಕೆ ಶಿವನದು, ಮಂಗಳವಾರಕ್ಕೆ ಮಂಗಳಾಗೌರಿಯದು, ಭಾನುವಾರಕ್ಕೆ ಆದಿತ್ಯರಾಣೂಬಾಯಿಯದು, ಹೀಗೆ ವಾರವಾರಕ್ಕೂ ಒಂದೊಂದು ಕಥೆಯುಂಟು. ನಮ್ಮಲ್ಲಿಯೂ ಶ್ರಾವಣದ ಮಂಗಳವಾರ, ಶುಕ್ರವಾರಗಳಲ್ಲಿ ವ್ರತದ ಕಥೆ ಓದುವ ರೂಢಿ ಇರುವುದರಿಂದ ಕನ್ನಡಿಗರಿಗೆ ಇದು ಅಪರಿಚಿತವೆನಿಸದು. ಮರಾಠಿ ಕಹಾಣಿಗಳ ಗದ್ಯ ಬಲು ಚಿಕ್ಕ ವಾಕ್ಯಗಳದು. ಬೀಸುವ ಕಲ್ಲಿಗೆ ಕಾಳು ಹಾಕಿದಂತೆ ಒಂದೊಂದೇ ಹಿಡಿ. ಆರಂಭದಲ್ಲಿ ಎಂದಿಗೂ ಒಂದು ‘ಆಟಪಾಟ ನಗರ’ ಇರಬೇಕು. ಮುಗಿಯುವಾಗ ‘ಸುಫಳ ಸಂಪೂರ್ಣ’ ಎನ್ನಬೇಕು. ಈ ಎರಡೂ ಕೂಡ ದಿನಬಳಕೆಗೆ ಇಳಿದಿವೆ. ಕೋರ್ಟಿನ ವ್ಯಾಜ್ಯವೊಂದು ಮುಗಿದರೂ, ಮನೆ ಕಟ್ಟಿ ತೀರಿದರೂ ಮರಾಠಿಗರು ‘ಸುಫಳ ಸಂಪೂರ್ಣ’ ಎಂದು ನಿಟ್ಟುಸಿರು ಬಿಡುವುದುಂಟು. ಕೇಳುವವರು ಕೈಯಲ್ಲಿ ನಾಲ್ಕು ಕಾಳು ಅಕ್ಷತೆ ಹಿಡಿದು ಕೂಡುವರು. ಕಥೆ ಮುಗಿದಾಗ ಅದನ್ನು ದೇವರಿಗೆ ಏರಿಸುವರು. ಬರಿಗೈಯಲ್ಲಿ ಕಥೆ ಕೇಳುವ ಪದ್ಧತಿಯಿಲ್ಲ.

ಇದನ್ನು ನಾನು ತಿಳಿದುಕೊಂಡದ್ದು ಪುಸ್ತಕದಿಂದಲ್ಲ. ಅಧ್ಯಾಪಕ ವೃತ್ತಿಗೆ ಸೇರಿದ ಹೊಸದರಲ್ಲಿ ಎರಡು ವರ್ಷ ಸೊಲ್ಲಾಪುರದಲ್ಲಿದ್ದೆ. ಸಿದ್ಧರಾಮನ ಊರು; ಕನ್ನಡವೂ ಮರಾಠಿಯೂ ಒಂದೇ ಬೀದಿಯಲ್ಲಿ ಎದುರುಬದುರು ಕುಳಿತು ಮಾತಾಡುವ ಊರು. ನಾನು ಬಾಡಿಗೆಗಿದ್ದ ಕೋಣೆ ಒಂದು ಮರಾಠಿ ಮನೆಯ ಮಾಳಿಗೆಯ ಮೇಲಿತ್ತು. ಆ ಮನೆಯ ಆಜಿಗೆ ಎಂಬತ್ತು ಸಮೀಪಿಸಿತ್ತು. ಶ್ರಾವಣದ ಮೊದಲ ಭಾನುವಾರ ಮೊಮ್ಮಗನನ್ನು ಮೇಲಕ್ಕೆ ಕಳುಹಿಸಿ, “ಮಾಸ್ತರರು ಕಹಾಣಿ ಕೇಳಲು ಬರಲಿ” ಎಂದು ಹೇಳಿಸಿದರು. ನಾನು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕುಳಿತಿದ್ದೆ. ಮೆಟ್ಟಿಲಿನ ತುದಿಗೆ ಬಂದು, “ಆಜಿ, ಇವತ್ತು ವೇಳೆ ಇಲ್ಲ” ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. ಕೆಳಗಿನಿಂದಲೇ ನಕ್ಕು, “ರಾಣಿಯೂ ಹೀಗೇ ಅಂದಿದ್ದಳು, ಮಾಸ್ತರ” ಎಂದರು.

ಯಾವ ರಾಣಿ? ವಾರವೆಲ್ಲ ಆ ಮಾತು ನನ್ನನ್ನು ಕೊರೆಯಿತು. ಎರಡನೆಯ ಭಾನುವಾರ ಕರೆಯುವ ಮೊದಲೇ ಇಳಿದು ಹೋಗಿ, ಅಕ್ಷತೆ ಹಿಡಿದು ಮಕ್ಕಳ ಸಾಲಿನಲ್ಲಿ ಕುಳಿತೆ. ಅಂದು ಕೇಳಿದ ಕಥೆಯನ್ನು ನನ್ನ ಮಾತಿನಲ್ಲಿ ಸಂಗ್ರಹಿಸಿ ಹೇಳುತ್ತೇನೆ. ಬಾಯಿಂದ ಬಾಯಿಗೆ ನಡೆದ ಕಥೆಯಾದುದರಿಂದ ಮನೆಯಿಂದ ಮನೆಗೆ ವಿವರಗಳಲ್ಲಿ ಸ್ವಲ್ಪ ವ್ಯತ್ಯಾಸವಿರುವುದು ಸಹಜ.

ಒಬ್ಬ ಬಡ ಬ್ರಾಹ್ಮಣ ಸಮಿತ್ತು, ಹೂವು, ದೂರ್ವೆ ತರಲು ದಿನವೂ ಕಾಡಿಗೆ ಹೋಗುತ್ತಿದ್ದನು. ಅಲ್ಲಿ ನಾಗಕನ್ಯೆಯರೂ ದೇವಕನ್ಯೆಯರೂ ಏನೋ ವ್ರತ ನಡೆಸುತ್ತಿದ್ದರು. ನನಗೂ ಇದನ್ನು ಹೇಳಿಕೊಡಿ ಎಂದು ಅವನು ಬೇಡಿದನು. ಅವರು ಒಪ್ಪಲಿಲ್ಲ, ನೀನು ಉಕ್ಕುವೆ, ಸೊಕ್ಕುವೆ, ಹಿಡಿದುದನ್ನು ಬಿಟ್ಟುಬಿಡುವೆ ಎಂದರು. ಇಲ್ಲವೆಂದು ಅವನು ಭಾಷೆ ಕೊಟ್ಟ ಮೇಲೆ ಶ್ರಾವಣದ ಆದಿತ್ಯವಾರದ ಸೂರ್ಯವ್ರತವನ್ನು ಹೇಳಿಕೊಟ್ಟರು. ಅವನು ನಿಷ್ಠೆಯಿಂದ ನಡೆಸಿದನು, ಸಿರಿ ಬಂದಿತು. ಅವನ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಅರಸನ ಮನೆ ಸೇರಿದಳು, ಇನ್ನೊಬ್ಬಳು ಪ್ರಧಾನಿಯ ಮನೆ ಸೇರಿದಳು.

ಹನ್ನೆರಡು ವರ್ಷಗಳ ಮೇಲೆ ತಂದೆ ಮಕ್ಕಳನ್ನು ನೋಡಲು ಹೊರಟನು. ಮೊದಲು ರಾಣಿಯಾದವಳಲ್ಲಿಗೆ ಹೋದನು. ಅವಳು ಬೆಲ್ಲ ನೀರು ಕೊಡಬಂದಳು. ಮೊದಲು ನನ್ನ ಕಹಾಣಿಯನ್ನು ಕೇಳು ಎಂದನು ತಂದೆ. ಅರಸರು ಬೇಟೆಗೆ ಹೊರಟಿದ್ದಾರೆ, ಕಥೆ ಕೇಳಲು ನನಗೆ ವೇಳೆಯಿಲ್ಲ ಎಂದಳು ಮಗಳು. ತಂದೆ ಎದ್ದು ಎರಡನೆಯವಳ ಮನೆಗೆ ಹೋದನು. ಅವಳು ಆರು ಮುತ್ತುಗಳನ್ನು ತಂದು, ಮೂರನ್ನು ತಂದೆಯ ಕೈಗಿಟ್ಟು, ಮೂರನ್ನು ತಾನು ಹಿಡಿದುಕೊಂಡು, ಮನಸ್ಸಿಟ್ಟು ಕೇಳಿದಳು. ಮುಂದೆ ಪ್ರಧಾನಿಯ ಮನೆ ಬೆಳೆಯಿತು. ರಾಣಿಗೆ ದಾರಿದ್ರ್ಯ ಬಂದಿತು. ಅವಳು ಒಬ್ಬೊಬ್ಬ ಮಗನನ್ನಾಗಿ ತಂಗಿಯ ಮನೆಗೆ ಕಳುಹಿಸಿದಳು. ತಂಗಿ ಬೂದಗುಂಬಳವನ್ನು ಕೊರೆದು, ಒಳಗೆ ಹೊನ್ನು ತುಂಬಿ ಕೊಟ್ಟಳು. ದಾರಿಯಲ್ಲಿ ಸೂರ್ಯನಾರಾಯಣನೇ ಮಾಲಿಯ ವೇಷದಲ್ಲಿ ಬಂದು ಅದನ್ನು ಕಸಿದುಕೊಂಡನು. ಬೇರೆ ಬೇರೆ ಉಪಾಯಗಳಿಂದ ಕೊಟ್ಟದ್ದೂ ಹಾಗೆಯೇ ಹೋಯಿತು. ಕೊನೆಗೆ ರಾಣಿ ತಾನೇ ಬಂದಳು. ತಂಗಿ ಕಾರಣವನ್ನು ತಿಳಿಸಿದಳು: ಅಕ್ಕಾ, ಅಪ್ಪನ ಕಹಾಣಿಯನ್ನು ನೀನು ಕೇಳಲಿಲ್ಲ.

ಈ ಸ್ಥಳದಲ್ಲಿ ನಾನು ಬೆಚ್ಚಿದೆನೆಂದು ಒಪ್ಪಿಕೊಳ್ಳಬೇಕು. ರಾಣಿ ಮಾಡಿದ ಅಪರಾಧವಾದರೂ ಏನು? ಅವಳು ಬಡವರನ್ನು ಹಿಂಸಿಸಲಿಲ್ಲ; ದೇವರನ್ನು ನಿಂದಿಸಲಿಲ್ಲ; ತಂದೆಗೆ ಬಾಗಿಲು ಮುಚ್ಚಲಿಲ್ಲ, ಉಪಚಾರವನ್ನೂ ಮಾಡಬಂದಳು. ಅವಳಿಗಿದ್ದ ಅಡಚಣೆ ಒಂದೇ: ಕೇಳಲು ವೇಳೆಯಿರಲಿಲ್ಲ. ಅದನ್ನು ಸೊಕ್ಕು ಎಂದು ಕರೆಯಲು ನಾವು ಹಿಂಜರಿಯುತ್ತೇವೆ. ಏಕೆಂದರೆ ದಿನಕ್ಕೆ ಹತ್ತು ಸಲ ಅದೇ ಮಾತನ್ನು ನಾವೂ ಆಡುತ್ತೇವೆ. ಜಾನಪದಕ್ಕೆ ಆ ಹಿಂಜರಿಕೆಯಿಲ್ಲ. ತುಂಬಿದ ಪಾತ್ರೆ ಉಕ್ಕುವಾಗ ಮೊದಲು ಕೇಳಿಸುವ ಸದ್ದು ಇದೇ ಎಂದು ಅದು ಗುರುತಿಸಿದೆ.

ಹಾಲಿನ ಉಪಮೆಯೂ ಎಷ್ಟು ಒಪ್ಪುವಂಥದು ನೋಡಿರಿ. ಬರಿದಾದ ಪಾತ್ರೆಯನ್ನು ಒಲೆಯ ಮೇಲಿಟ್ಟರೆ ಅದು ಸೀದೀತು, ಉಕ್ಕಲಾರದು. ಉಕ್ಕುವುದಕ್ಕೆ ಒಳಗೆ ಹಾಲಿರಬೇಕು. ಆದುದರಿಂದ ಈ ಎಚ್ಚರಿಕೆ ಇಲ್ಲದವರಿಗಾಗಿ ಹುಟ್ಟಿದ್ದಲ್ಲ, ಉಂಡವರಿಗಾಗಿ ಹುಟ್ಟಿದ್ದು. ವಿಶೇಷವೇನೆಂದರೆ ನಾಗಕನ್ಯೆಯರು ಅದನ್ನು ಹೇಳಿದ್ದು ಬ್ರಾಹ್ಮಣನ ಮನೆಯಲ್ಲಿ ಹಿಡಿ ಅಕ್ಕಿಗೂ ತತ್ವಾರವಿದ್ದ ದಿನ. ಕಷ್ಟದಲ್ಲಿ ಭಾಷೆ ಕೊಡುವುದು ಸುಲಭ. ಆ ಭಾಷೆಯ ಪರೀಕ್ಷೆ ನಡೆಯುವುದು ಹನ್ನೆರಡು ವರ್ಷಗಳ ಆಚೆ, ಮಗಳ ಅರಮನೆಯಲ್ಲಿ. ಸಂಕಟದಲ್ಲಿ ವ್ರತ ಬಿಟ್ಟವರಿಗಿಂತ ಸುಖದಲ್ಲಿ ಬಿಟ್ಟವರೇ ಹೆಚ್ಚೆಂಬ ಲೋಕಾನುಭವವನ್ನು ಮೂರು ಕ್ರಿಯಾಪದಗಳು ಹೊತ್ತುಕೊಂಡಿವೆ. ಅವುಗಳ ಅನುಕ್ರಮವೂ ಗಮನಿಸತಕ್ಕದ್ದು: ಮೊದಲು ಉಕ್ಕು, ಅನಂತರ ಸೊಕ್ಕು, ಕೊನೆಗೆ ಕೈಬಿಡುವುದು.

ಕಥೆ ಇಷ್ಟಕ್ಕೇ ನಿಲ್ಲುವುದಿಲ್ಲ. ರಾಣಿ ವ್ರತ ಹಿಡಿದ ಮೇಲೆ ಅರಸನು ಅವಳನ್ನು ಕರೆದೊಯ್ಯಲು ಬರುತ್ತಾನೆ. ಈಗ ದಾರಿಯುದ್ದಕ್ಕೂ ಅವಳೇ ಕಥೆ ಹೇಳಬೇಕು, ಕೇಳುವವರನ್ನು ಹುಡುಕಬೇಕು. ಸಿಕ್ಕವರಾದರೂ ಯಾರು? ಒಬ್ಬ ಸೌದೆ ಹೊರುವವನು, ಬಾವಿ ಬತ್ತಿದ ಒಬ್ಬ ಮಾಲಿ, ಮಕ್ಕಳನ್ನು ಕಳೆದುಕೊಂಡ ಒಬ್ಬ ಮುದುಕಿ. ಒಬ್ಬೊಬ್ಬರ ಕೈಗೂ ಅವಳು ಮೂರು ಮೂರು ಮುತ್ತು ಕೊಟ್ಟು ಹೇಳುತ್ತಾಳೆ; ಕೇಳಿದವರ ಬಾಳು ತಿಳಿಯಾಗುತ್ತದೆ. ತಂದೆಯ ಮಾತಿಗೆ ಕಿವಿಗೊಡದವಳು ಇಂದು ಹಾದಿಹೋಕರ ಕಿವಿಯನ್ನು ಬೇಡಿಕೊಳ್ಳಬೇಕಾಯಿತು. ಇದಕ್ಕಿಂತ ನ್ಯಾಯವಾದ ಶಿಕ್ಷೆಯನ್ನು ಯಾವ ಧರ್ಮಶಾಸ್ತ್ರ ವಿಧಿಸಬಲ್ಲದು? ಇದು ಶಿಕ್ಷೆಯಷ್ಟೇ ಆಗಿರದೆ ಬಿಡುಗಡೆಯೂ ಆಗಿದೆ. ಹೇಳುವವನಿಗೆ ಮೂರು, ಕೇಳುವವನಿಗೆ ಮೂರು ಎಂದು ಮುತ್ತುಗಳನ್ನು ಸಮನಾಗಿ ಹಂಚಿದ್ದರಲ್ಲಿ, ಕೇಳುವುದು ಹೇಳುವುದಕ್ಕಿಂತ ಕಡಿಮೆಯ ಕೆಲಸವಲ್ಲವೆಂಬ ನಿರ್ಣಯವಿದೆ.

ಇದನ್ನು ಓದುವಾಗ ಕನ್ನಡದ ಒಂದು ಜನಪದ ಕಥೆ ನೆನಪಾಗದೆ ಇರದು. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಆ ಕಥೆಯಲ್ಲಿ ಒಬ್ಬ ಹೆಂಗಸಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು. ಅವಳು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಉಸಿರುಕಟ್ಟಿದ ಅವು ಒಂದು ದಿನ ಅವಳು ನಿದ್ರಿಸುವಾಗ ಬಾಯಿಂದ ಹೊರಬಿದ್ದು ಗಂಡಸಿನ ಕೋಟು, ಜೋಡುಗಳಾಗಿ ಬಾಗಿಲಲ್ಲಿ ಕುಳಿತವು. ಮನೆಯಲ್ಲಿ ಜಗಳ ಹುಟ್ಟಿತು. ದೀಪದ ಕುಡಿಗಳು ರಾತ್ರಿ ಗುಡಿಯಲ್ಲಿ ಸೇರಿ ಈ ವಿಷಯವನ್ನಾಡಿಕೊಂಡದ್ದನ್ನು ಗಂಡ ಕೇಳಿಸಿಕೊಂಡನು. ಗಿರೀಶ ಕಾರ್ನಾಡರ ‘ನಾಗಮಂಡಲ’ದ (1988) ಆರಂಭದಲ್ಲಿ ಬರುವ ದೀಪದ ಕುಡಿಗಳನ್ನು ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಬಲ್ಲ ಕಥೆಯನ್ನು ಹೇಳದಿರುವುದು ದೋಷವೆನ್ನುತ್ತದೆ ಕನ್ನಡದ ಕಥೆ. ಬಂದ ಕಥೆಯನ್ನು ಕೇಳದಿರುವುದು ದೋಷವೆನ್ನುತ್ತದೆ ಮರಾಠಿಯ ಕಹಾಣಿ. ನೆರೆಹೊರೆಯ ಎರಡು ಭಾಷೆಗಳ ಅಜ್ಜಿಯರು ಕೂಡಿ ಮಾತಾಡಿಕೊಂಡು ಒಂದೊಂದು ತಟ್ಟೆ ಹಿಡಿದ ತಕ್ಕಡಿಯಂತೆ ಇವೆ ಈ ಎರಡು ಕಥೆಗಳು.

ಇನ್ನು ಮರಾಠಿಯ ನುಡಿಗಟ್ಟಿನ ಇಂದಿನ ಸ್ಥಿತಿಯನ್ನು ಹೇಳಬೇಕು. ಯ. ರಾ. ದಾತೆ, ಚಿಂ. ಗ. ಕರ್ವೆ ಇವರು 1940ರ ದಶಕದಲ್ಲಿ ‘ಮಹಾರಾಷ್ಟ್ರ ವಾಕ್‌ಸಂಪ್ರದಾಯ ಕೋಶ’ವನ್ನು ಎರಡು ಸಂಪುಟಗಳಲ್ಲಿ ಹೊರತಂದರು. ಇಂಥ ಕೋಶಗಳು ಒಂದು ಭಾಷೆಯ ದೊಡ್ಡ ಆಸ್ತಿ. ಆದರೆ ಕೋಶವು ನುಡಿಗಟ್ಟಿನ ಅರ್ಥವನ್ನು ಕಾಯಬಲ್ಲದೇ ಹೊರತು ಅದರ ಸಂದರ್ಭವನ್ನು ಮನಸ್ಸಿನಲ್ಲಿ ಜೀವಂತವಾಗಿಡಲಾರದು. ಅದನ್ನು ಹೇಳುವವರು, ಕೇಳುವವರು ಬೇಕು. ಚುನಾವಣೆಯಲ್ಲಿ ಗೆದ್ದ ಸಂಜೆ ತೆರೆದ ವಾಹನದಲ್ಲಿ ನಿಂತು, ಗುಲಾಲು ಎರಚಿಸಿಕೊಳ್ಳುತ್ತ, ಧ್ವನಿವರ್ಧಕದಲ್ಲಿ ‘ಉತಣಾರ ನಾಹೀ, ಮಾತಣಾರ ನಾಹೀ’ ಎನ್ನುವುದನ್ನು ಕೇಳಿದಾಗ, ಉಕ್ಕಿ ಚೆಲ್ಲಿದ ಹಾಲಿನ ವಾಸನೆ ಮೂಗಿಗೆ ಬಡಿದಂತಾಗುತ್ತದೆ. ಮರುದಿನ ಅದೇ ಬಾಗಿಲಿಗೆ ಅರ್ಜಿ ಹಿಡಿದು ಬಂದವನಿಗೆ ಸಿಗುವ ಉತ್ತರ ‘ಸಾಹೇಬರಿಗೆ ವೇಳೆಯಿಲ್ಲ’ ಎಂದೇ ಆದರೆ, ಪ್ರತಿಜ್ಞೆಯನ್ನು ಬ್ರಾಹ್ಮಣನಿಂದಲೂ ನಡೆಯನ್ನು ರಾಣಿಯಿಂದಲೂ ಎರವಲು ತಂದಂತಾಯಿತು. ಕಥೆಯನ್ನು ಮರೆತ ನುಡಿಗಟ್ಟು ಯಾರ ಕೊರಳಿಗೂ ಹಾಕಬಹುದಾದ ಹಾರವಾಗಿಬಿಡುತ್ತದೆ.

ಹಾಗೆಂದು ಮರಾಠಿ ಸಾರ್ವಜನಿಕ ಜೀವನದಲ್ಲಿ ವಸಾ ಹಿಡಿದು ನಡೆದವರು ಇರಲಿಲ್ಲವೆಂದಲ್ಲ. 1975ರಲ್ಲಿ ಕರಾಡಿನಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷೆ ದುರ್ಗಾ ಭಾಗವತ. ಬಾಳೆಲ್ಲ ಜನಪದ ಸಾಹಿತ್ಯದ ಅಭ್ಯಾಸಕ್ಕೆ ತೆತ್ತುಕೊಂಡ ವಿದುಷಿ. ದೇಶದಲ್ಲಿ ತುರ್ತುಪರಿಸ್ಥಿತಿ ಇದ್ದ ಕಾಲವದು. ವೇದಿಕೆಯ ಮೇಲೆ ಕೇಂದ್ರ ಸಚಿವರಾಗಿದ್ದ ಯಶವಂತರಾವ ಚವ್ಹಾಣರಿದ್ದರು. ದುರ್ಗಾಬಾಯಿಯವರು ಹೆದರದೆ ಲೇಖಕರ ಸ್ವಾತಂತ್ರ್ಯದ ಪರವಾಗಿ ಮಾತಾಡಿದರು. ಅಸ್ವಸ್ಥರಾಗಿದ್ದ ಜಯಪ್ರಕಾಶ ನಾರಾಯಣರ ಆರೋಗ್ಯಕ್ಕಾಗಿ ಪ್ರಾರ್ಥಿಸಲು ಸಭೆಗೆ ಕರೆಕೊಟ್ಟರು. ಮರುವರ್ಷ ಸೆರೆಮನೆಯನ್ನೂ ಕಂಡರು. ಅವರು ಅಂದು ಈ ನುಡಿಗಟ್ಟನ್ನು ಉಚ್ಚರಿಸಿದರೆಂದು ನಾನು ಹೇಳುತ್ತಿಲ್ಲ. ಅಧ್ಯಕ್ಷಪೀಠವೆಂಬ ಸಿರಿ ಬಂದ ದಿನ ಹಿಡಿದ ವ್ರತವನ್ನು ಬಿಡದಿರುವುದೆಂದರೆ ಏನೆಂಬುದನ್ನು ಅವರು ನಡೆದು ತೋರಿಸಿದರು.

ದೊಡ್ಡವರ ಮಾತಾಯಿತು, ನನ್ನ ಮಾತನ್ನೂ ಹೇಳಿದರಷ್ಟೇ ಈ ಬರಹ ಪ್ರಾಮಾಣಿಕವಾದೀತು. ಸೊಲ್ಲಾಪುರ ಬಿಟ್ಟು ಬೇರೆಡೆಯ ಕೆಲಸಕ್ಕೆ ಹೊರಟಾಗ ಆಜಿ ನನ್ನ ಕೈಗೆ ಮೊಸರು ಸಕ್ಕರೆ ಹಾಕಿ ಇದೇ ಮಾತನ್ನು ಹೇಳಿ ಕಳುಹಿಸಿದ್ದರು. ಏಳೆಂಟು ವರ್ಷ ಕಳೆದವು. ಒಂದು ಮಾರ್ಚ್ ತಿಂಗಳಲ್ಲಿ ಹಳ್ಳಿಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಬಾಗಿಲ ಬಳಿ ನಿಂತು, “ಸರ್, ನಮ್ಮವ್ವನ ಅವ್ವ ಹೇಳೂ ಕತಿ ಒಂದು ನೋಟಬುಕ್ಕಿನ ತುಂಬ ಬರದೀನ್ರಿ, ನೋಡ್ತೀರೇನ್ರಿ?” ಎಂದಳು. ಪಾಠಗಳು ಉಳಿದಿದ್ದವು. “ಪರೀಕ್ಷೆ ಮುಗಿಯಲಮ್ಮ, ಆಮೇಲೆ ನೋಡೋಣ” ಎಂದೆ. ಅವಳು ತಲೆಯಾಡಿಸಿ ಹೋದಳು. ಪರೀಕ್ಷೆ ಮುಗಿಯಿತು, ನಾನೂ ಮರೆತೆ. ಎರಡು ವರ್ಷಗಳ ಅನಂತರ ಬಸ್ ನಿಲ್ದಾಣದಲ್ಲಿ ಅವಳು ಕಂಡಾಗ ನೆನಪಾಗಿ ಕೇಳಿದೆ. “ಅದನ್ನ ಯಾರೂ ಕೇಳಲಿಲ್ಲಲ್ರಿ ಸರ್, ರದ್ದಿಗೆ ಹಾಕಿದ್ವಿ” ಎಂದಳು. ಅವಳ ದನಿಯಲ್ಲಿ ದೂರಿರಲಿಲ್ಲ. ಅಜ್ಜಿ ಇದ್ದಾರೆಯೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆದಿತ್ಯರಾಣೂಬಾಯಿಯ ಕಥೆ ನನಗೆ ಬಾಯಿಪಾಠವಾಗಿತ್ತು. ತರಗತಿಯಲ್ಲಿ ಜಾನಪದದ ಮಹತ್ವವನ್ನು ಕುರಿತು ಒಂದು ಗಂಟೆ ಮಾತಾಡಬಲ್ಲವನಾಗಿದ್ದೆ. ಆದರೂ ಜಾನಪದವೇ ನೋಟುಬುಕ್ಕು ಹಿಡಿದು ಬಾಗಿಲಿಗೆ ಬಂದಾಗ ರಾಣಿಯ ಉತ್ತರವನ್ನೇ ಕೊಟ್ಟೆ. ಉಕ್ಕುವುದಕ್ಕೆ ಅರಮನೆಯೇ ಬೇಕೆಂದಿಲ್ಲ. ಒಂದು ಕುರ್ಚಿ, ಒಂದು ವೇಳಾಪತ್ರಿಕೆ ಇದ್ದರೆ ಸಾಕು.

ಮರಾಠಿಯಲ್ಲಿ ‘ವಸಾ ಆಣಿ ವಾರಸಾ’ ಎಂಬ ಇನ್ನೊಂದು ಜೋಡುನುಡಿ ಬಳಕೆಯಲ್ಲಿದೆ. ವಾರಸಾ ಎಂದರೆ ಹಿರಿಯರಿಂದ ಬಂದ ಆಸ್ತಿ. ಅದು ಕುಳಿತಲ್ಲಿಗೆ ಬರುತ್ತದೆ. ವಸಾ ಹಾಗೆ ಬರುವುದಿಲ್ಲ. ಕೇಳಿ ಪಡೆದು, ಭಾಷೆ ಕೊಟ್ಟು, ವರ್ಷವರ್ಷವೂ ನಡೆಸಬೇಕು. ಸಾಹಿತ್ಯದ ಅಧ್ಯಾಪಕರಾದ ನಾವು ನಮ್ಮ ಭಾಷೆಯನ್ನು ಬಹುಮಟ್ಟಿಗೆ ವಾರಸೆಯೆಂದೇ ತಿಳಿದುಕೊಂಡಿದ್ದೇವೆ. ಎರಡು ಸಾವಿರ ವರ್ಷಗಳ ಇತಿಹಾಸವೆಂದು ಎಣಿಸುತ್ತೇವೆ, ಪ್ರಶಸ್ತಿಗಳನ್ನು ಎಣಿಸುತ್ತೇವೆ. ಎಣಿಸುವುದು ತಪ್ಪಲ್ಲ. ಆದರೆ ಬಾಗಿಲಲ್ಲಿ ನಿಂತವರ ಮಾತಿಗೆ ಮೂರು ಮುತ್ತು ಹಿಡಿದು ಕುಳಿತುಕೊಳ್ಳುವ ಕೆಲಸ ಎಣಿಕೆಗೆ ಸಿಗುವಂಥದಲ್ಲ. ಅದೇ ವಸಾ.

ಈ ನುಡಿಗಟ್ಟನ್ನು ನಮ್ಮ ವಿದ್ಯಾರ್ಥಿಗಳು ಕನ್ನಡಕ್ಕೆ ತಂದುಕೊಳ್ಳಲಿ ಎಂದು ನನ್ನ ಆಸೆ. ಭಾಷೆಗಳು ನೆರೆಮನೆಯಿಂದ ಹೆಪ್ಪಿಗೆ ಮೊಸರು ತಂದಂತೆ ಇಂಥವನ್ನು ಪರಸ್ಪರ ತಂದುಕೊಂಡೇ ಬೆಳೆದಿವೆ. ಆದರೆ ತರುವಾಗ ಕಥೆಯನ್ನು ಅಲ್ಲಿಯೇ ಬಿಟ್ಟು ಬರಬಾರದು. ಈ ವಾರ ತರಗತಿಯಲ್ಲಿ ನಾನು ಒಂದು ಹೊಸ ರೂಢಿಯನ್ನು ಆರಂಭಿಸಿದ್ದೇನೆ: ಶನಿವಾರದ ಕೊನೆಯ ಅರ್ಧ ಗಂಟೆ ಪಾಠವಿಲ್ಲ, ಮನೆಯಲ್ಲಿ ಕೇಳಿದ ಒಂದು ಕಥೆಯನ್ನು ಯಾರಾದರೂ ಹೇಳಬೇಕು, ನಾನು ಅವರ ನಡುವೆ ಬೆಂಚಿನ ಮೇಲೆ ಕುಳಿತು ಕೇಳಬೇಕು. ಮೊದಲ ಶನಿವಾರ ಕೈ ಎತ್ತಿದವರು ಇಬ್ಬರೇ. ಹಿಡಿದದ್ದನ್ನು ಬಿಡದೆ ನಡೆಸಿಕೊಂಡು ಹೋಗುವೆನೆಂದು ಇಲ್ಲಿ ಓದುಗರ ಎದುರಿಗೆ ಭಾಷೆ ಕೊಡುತ್ತೇನೆ. ತಪ್ಪಿದರೆ ನೆನಪಿಸುವ ಹಕ್ಕು ಅವರಿಗಿದೆ.